ನಾದಿನಿ ಹಚ್ಚುವ ಫೇರ್‌ನೆಸ್ ಕ್ರೀಮ್: ಪಾದರಸ ಇದೆಯಾ ಅಂತ ಎಲ್ಲಿ ಟೆಸ್ಟ್ ಮಾಡಿಸುವುದು?

ವಿಟ್ಲದಕ್ಕ
ನಮಸ್ಕಾರ ಎಲ್ಲರಿಗೂ. ಗೊತ್ತಿದ್ದವರು ಸ್ವಲ್ಪ ಹೇಳಿ ಮಾರಾಯ್ರೆ.

ನನ್ನ ನಾದಿನಿ ಕಳೆದ ಮಳೆಗಾಲದಿಂದ ಒಂದು ಕ್ರೀಮ್ ಹಚ್ಚುತ್ತಿದ್ದಾಳೆ. ಕಾಸರಗೋಡು ಕಡೆಯ ಒಂದು ಫ್ಯಾನ್ಸಿ ಅಂಗಡಿಯಿಂದ ತಂದದ್ದು. ಡಬ್ಬಿಯ ಮೇಲೆ ಇಂಗ್ಲಿಷು, ಉರ್ದು ಅಕ್ಷರ ಇದೆ. ಯಾರು ತಯಾರಿಸಿದ್ದು, ಯಾರು ಇಲ್ಲಿಗೆ ತರಿಸಿದ್ದು, ಒಳಗೆ ಏನೇನು ಹಾಕಿದ್ದಾರೆ, ಒಂದೂ ಇಲ್ಲ. ಮುಖ ಮಾತ್ರ ಸ್ವಲ್ಪ ದಿನದಲ್ಲೇ ಬೆಳ್ಳಗಾಯಿತು. ಅಷ್ಟು ಬೇಗ ಆದದ್ದೇ ನನಗೆ ಹೆದರಿಕೆ. ಈಗೀಗ ಬೆಳಿಗ್ಗೆ ಎದ್ದಾಗ ಕಣ್ಣಿನ ಕೆಳಗೆ ಊದಿಕೊಂಡಿರುತ್ತದೆ. ನಿದ್ದೆ ಸಾಲದ್ದಕ್ಕೆ ಅಂತಾಳೆ.

ಮದುವೆ ಮಾತುಕತೆ ನಡೆಯುತ್ತಿದೆ, ಹಾಗಾಗಿ ಬಿಡು ಅಂದರೆ ಕೇಳುವುದಿಲ್ಲ. "ಅತ್ತಿಗೆ, ನೀವು ಬೆಳ್ಳಗಿದ್ದೀರಿ, ನಿಮಗೇನು" ಅಂತಾಳೆ. ಅತ್ತೆಯೂ ಅವಳ ಕಡೆಗೇ. ಕೈಗೆ ಒಂದು ರಿಪೋರ್ಟ್ ಕೊಟ್ಟರೆ ನಂಬಿಯಾರು. ನಮ್ಮಂಥವರು ಇದನ್ನು ಟೆಸ್ಟ್ ಮಾಡಿಸಬಹುದಾ? ಎಲ್ಲಿ? ಮನೆಯಲ್ಲೇ ನೋಡುವ ದಾರಿ ಏನಾದರೂ ಇದೆಯಾ?

ಗಡಿನಾಡಿನವ
ಹೆದರಿದ್ದು ಸರಿಯೇ ಇದೆ. ಕೇರಳದಲ್ಲಿ ಇದು ದೊಡ್ಡ ಸುದ್ದಿಯಾಗಿತ್ತು. ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನ ಕಿಡ್ನಿ ಡಾಕ್ಟರುಗಳು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ತಮ್ಮಲ್ಲಿಗೆ ಬಂದ 22 ಜನರ ಲೆಕ್ಕ ಬರೆದಿದ್ದಾರೆ. ಎಲ್ಲರಿಗೂ ಮೆಂಬ್ರೇನಸ್ ನೆಫ್ರೋಪಥಿ, ಅಂದರೆ ಮೂತ್ರದಲ್ಲಿ ಪ್ರೋಟೀನ್ ಸೋರಿ ಹೋಗುವ ಕಾಯಿಲೆ. ಅದರಲ್ಲಿ 15 ಜನರಿಗೆ ನೆಲ್-1 ಅನ್ನುವ ಅಪರೂಪದ ಬಗೆ. ಆ 15ರಲ್ಲಿ 13 ಜನ ಫೇರ್‌ನೆಸ್ ಕ್ರೀಮ್ ಹಚ್ಚುತ್ತಿದ್ದವರು.

ಆಮೇಲೆ ಕೇರಳದ ಔಷಧ ನಿಯಂತ್ರಣ ಇಲಾಖೆ 'ಆಪರೇಷನ್ ಸೌಂದರ್ಯ' ಅಂತ ಅಂಗಡಿ ಅಂಗಡಿ ಹುಡುಕಿತು. 2025ರಲ್ಲಿ ಅದರ ಮೂರನೇ ಸುತ್ತು. ಕೆಲವು ಸ್ಯಾಂಪಲ್‌ಗಳಲ್ಲಿ ಪಾದರಸ ಮಿತಿಗಿಂತ 12,000 ಪಟ್ಟು ಜಾಸ್ತಿ ಇತ್ತು ಅಂತ ಅಲ್ಲಿನ ಆರೋಗ್ಯ ಸಚಿವರೇ ಹೇಳಿದ್ದರು.

ರೀಲ್ಸ್_ರಂಗ
ಟೆಸ್ಟ್ ಗಿಸ್ಟ್ ಯಾಕೆ ಅಕ್ಕ, ಚಿನ್ನದ ಉಂಗುರಕ್ಕೆ ಕ್ರೀಮ್ ಉಜ್ಜಿ ರಾತ್ರಿ ಬಿಡಿ. ಬೆಳ್ಳಗಾದರೆ ಪಾದರಸ. ಇಲ್ಲದಿದ್ದರೆ ಆರಾಮಾಗಿ ಹಚ್ಚಲಿ. ವಿಡಿಯೋ ನೋಡಿದ್ದೆ. ತಾಮ್ರದ ತಂತಿಯಲ್ಲೂ ಮಾಡುತ್ತಾರೆ.

ಆಸಿಡ್_ಬಾಟ್ಲಿ
ರಂಗಣ್ಣ, ಆ 'ಇಲ್ಲದಿದ್ದರೆ ಆರಾಮಾಗಿ ಹಚ್ಚಲಿ' ಅನ್ನುವ ಮಾತು ಅಪಾಯದ್ದು. ನಾನು ಪೀಣ್ಯದ ಕಡೆ ಒಂದು ಪರೀಕ್ಷಾ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ, ಲೋಹದ ವಿಭಾಗ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಚಿನ್ನ ಬೆಳ್ಳಗಾಗುವುದು ಪಾದರಸ ಲೋಹದ ರೂಪದಲ್ಲಿ ಇದ್ದರೆ. ಕ್ರೀಮ್‌ನಲ್ಲಿ ಇರುವುದು ಸಾಮಾನ್ಯವಾಗಿ ಅದರ ಲವಣ. ಕ್ಯಾಲೋಮೆಲ್, ಅಮೋನಿಯೇಟೆಡ್ ಮರ್ಕ್ಯುರಿ, ಮರ್ಕ್ಯುರಿಕ್ ಅಯೋಡೈಡ್, ಇಂಥವು. ಅದೂ ಜಿಡ್ಡಿನೊಳಗೆ ಸೇರಿಕೊಂಡಿರುತ್ತದೆ. ತಾಮ್ರದ ಮೇಲೆ ಬೆಳ್ಳಿಯ ಹಾಗೆ ಹೊಳಪು ಬರುವ ಹಳೆಯ ಪರೀಕ್ಷೆ ಒಂದು ಇದೆ, ರೈನ್ಶ್ ಟೆಸ್ಟ್ ಅಂತ. ಅದಕ್ಕೆ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಕುದಿಸಬೇಕು. ದಯವಿಟ್ಟು ಅಡುಗೆಮನೆಯಲ್ಲಿ ಯಾರೂ ಮಾಡಬೇಡಿ, ಪಾದರಸದ ಹೊಗೆ ಮನೆಯೆಲ್ಲ ತುಂಬುತ್ತದೆ. ಸುಮ್ನೆ ಉಜ್ಜಿದಾಗ ಬಣ್ಣ ಬದಲಾದರೆ ಅನುಮಾನ ಪಡಬಹುದು. ಬದಲಾಗದಿದ್ದರೆ ಅದರಿಂದ ಏನೂ ಗೊತ್ತಾಗುವುದಿಲ್ಲ.

ಲ್ಯಾಬ್‌ನಲ್ಲಿ ಮಾಡುವುದು ಹೀಗೆ. ಮೊದಲು ಎಕ್ಸ್‌ಆರ್‌ಎಫ್ ಅನ್ನುವ ಯಂತ್ರ ಇದ್ದರೆ ಡಬ್ಬಿಯ ಕ್ರೀಮ್‌ಗೆ ಹಿಡಿದು ನೋಡುತ್ತಾರೆ. ಚಿನ್ನದ ಅಂಗಡಿಯಲ್ಲಿ ಕ್ಯಾರೆಟ್ ನೋಡುವುದೂ ಇದೇ ಬಗೆಯ ಯಂತ್ರದಲ್ಲಿ. ಕೆಲವೇ ನಿಮಿಷದ ಕೆಲಸ. ಆದರೆ ತೀರಾ ಕಡಿಮೆ ಪ್ರಮಾಣ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಖಚಿತ ಸಂಖ್ಯೆ ಬೇಕಾದರೆ ಕ್ರೀಮ್‌ನ ಚೂರನ್ನು ನೈಟ್ರಿಕ್ ಆಸಿಡ್ ಜೊತೆ ಮುಚ್ಚಿದ ಪಾತ್ರೆಯಲ್ಲಿ ಮೈಕ್ರೋವೇವ್‌ನಿಂದ ಕರಗಿಸಬೇಕು. ತೆರೆದ ಪಾತ್ರೆಯಲ್ಲಿ ಕಾಯಿಸಿದರೆ ಪಾದರಸ ಆವಿಯಾಗಿ ಹಾರಿಹೋಗುತ್ತದೆ. ರಿಪೋರ್ಟ್‌ನಲ್ಲಿ ಕಡಿಮೆ ಬರುತ್ತದೆ, ಕ್ರೀಮ್ ಒಳ್ಳೆಯದು ಅನ್ನಿಸಿಕೊಳ್ಳುತ್ತದೆ! ಕರಗಿಸಿದ್ದನ್ನು ಲೋಹ ಎಷ್ಟಿದೆ ಅಂತ ಅಳೆಯುವ ಯಂತ್ರ ಐಸಿಪಿ-ಎಂಎಸ್‌ಗೆ ಹಾಕುತ್ತೇವೆ. ಇಲ್ಲವೇ ಕೋಲ್ಡ್ ವೇಪರ್ ವಿಧಾನ: ಸ್ಟ್ಯಾನಸ್ ಕ್ಲೋರೈಡ್ ಹಾಕಿ ಪಾದರಸವನ್ನು ಆವಿ ಮಾಡಿ, 253.7 ನ್ಯಾನೋಮೀಟರ್ ಬೆಳಕನ್ನು ಅದು ಎಷ್ಟು ಹೀರಿತು ಅಂತ ಅಳೆಯುವುದು.

ತಮಾಷೆ ಏನು ಗೊತ್ತಾ, ಜಾಸ್ತಿ ಪಾದರಸ ಇರುವ ಕ್ರೀಮ್ ಬಂದರೆ ನಮಗೇ ಕಷ್ಟ. ಒಂದು ಸಲ ಯಂತ್ರದೊಳಗೆ ಹೋದರೆ ಕೊಳವೆಗೆ ಅಂಟಿಕೊಂಡು ಮುಂದಿನ ಸ್ಯಾಂಪಲ್‌ನಲ್ಲೂ ಕಾಣಿಸುತ್ತಾ ಇರುತ್ತದೆ. ತೊಳೆದು ತೊಳೆದು ಸಾಕಾಗುತ್ತದೆ. ಅದಕ್ಕೇ ಅನುಮಾನ ಇದ್ದರೆ ಮೊದಲೇ ಹೇಳಿ.

ವಿಟ್ಲದಕ್ಕ
ಬಾಟ್ಲಿಯವರೇ ತುಂಬಾ ಉಪಕಾರ. ಹಾಗಾದರೆ ಲ್ಯಾಬ್‌ಗೆ ಕೊರಿಯರ್ ಮಾಡಿದರೆ ಆಯಿತಾ? ಕಾನೂನಿನಲ್ಲಿ ಎಷ್ಟು ಇರಬಹುದು ಅಂತ ಇದೆ?

ಹುಬ್ಬಳ್ಳಿ_ಹೈದ
ಅಕ್ಕಾರ, ಎಷ್ಟು ಇರಬಹುದು ಅನ್ನೋದು ಬಿಡ್ರಿ, ಮೊದಲು ಹಚ್ಚೋದು ಬಿಡಸ್ರಿ.

ಆಸಿಡ್_ಬಾಟ್ಲಿ
2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಮುಖದ ಕ್ರೀಮ್‌ನಂಥವಕ್ಕೆ 1 ಪಿಪಿಎಂ. ಅದೂ ಬೇಕಂತ ಹಾಕಿದ್ದಲ್ಲ, ತಾನಾಗಿ ಬಂದು ಸೇರಿದ್ದಕ್ಕೆ ಕೊಟ್ಟ ವಿನಾಯಿತಿ. ಕಣ್ಣಿನ ಸುತ್ತ ಹಚ್ಚುವವಕ್ಕೆ ಮಾತ್ರ ಕೆಡದಂತೆ ಇಡಲು 70 ಪಿಪಿಎಂವರೆಗೆ ಬಿಟ್ಟಿದ್ದಾರೆ. 1 ಪಿಪಿಎಂ ಅಂದರೆ ಒಂದು ಕಿಲೋ ಕ್ರೀಮ್‌ನಲ್ಲಿ 1 ಮಿಲಿಗ್ರಾಂ. ಮೇಲೆ ಗಡಿನಾಡಿನವರು ಹೇಳಿದ 12,000 ಪಟ್ಟು ಅಂದರೆ ಶೇಕಡಾ 1.2. ಇಪ್ಪತ್ತು ಗ್ರಾಂ ಡಬ್ಬಿಯಲ್ಲಿ 240 ಮಿಲಿಗ್ರಾಂ ಪಾದರಸ. ಅಷ್ಟು ತಾನಾಗಿ ಬಂದು ಸೇರುವುದಿಲ್ಲ, ಅಳೆದೇ ಹಾಕಿದ್ದು. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ತಯಾರಾಗಲು ಟೈರೋಸಿನೇಸ್ ಅನ್ನುವ ಕಿಣ್ವ ಬೇಕು. ಪಾದರಸ ಅದನ್ನು ಕಟ್ಟಿಹಾಕುತ್ತದೆ. ಕ್ರೀಮ್ 'ಕೆಲಸ ಮಾಡುತ್ತದೆ' ಅನ್ನುವುದು ಹೀಗೆ.

ಸ್ಟಾಫ್_ನರ್ಸ್_ಉಡುಪಿ
ಎಲ್ಲರೂ ಡಬ್ಬಿಯ ಹಿಂದೆ ಬಿದ್ದಿದ್ದೀರಿ. ಆ ಹುಡುಗಿಯನ್ನು ಯಾರು ನೋಡುವುದು?

ವಿಟ್ಲದಕ್ಕ, ಬೆಳಿಗ್ಗೆ ಕಣ್ಣಿನ ಕೆಳಗೆ ಊತ ಅಂದಿರಿ. ಕಾಲಿನಲ್ಲಿ ಇದೆಯಾ? ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತದೆಯಾ? ಮೂತ್ರದಲ್ಲಿ ನೊರೆ ಬರುತ್ತದೆಯಾ ಅಂತ ಕೇಳಿ. ನಾಳೆಯೇ ಕರಕೊಂಡು ಹೋಗಿ ಮೂತ್ರದ ಸಾದಾ ಪರೀಕ್ಷೆ ಮಾಡಿಸಿ. ಪ್ರೋಟೀನ್ ಇದೆಯಾ ಇಲ್ಲವಾ ಅಷ್ಟು ಸಾಕು ಸದ್ಯಕ್ಕೆ. ಇದು ಯಾವ ಸಣ್ಣ ಲ್ಯಾಬ್‌ನಲ್ಲೂ ಆಗುತ್ತದೆ, ಅದೇ ದಿನ ಗೊತ್ತಾಗುತ್ತದೆ. ಕ್ರೀಮ್ ರಿಪೋರ್ಟ್ ಬರುವವರೆಗೆ ಕಾಯಬೇಡಿ. ಪ್ರೋಟೀನ್ ಇದ್ದರೆ ಕಿಡ್ನಿ ಡಾಕ್ಟರ್ ಹತ್ತಿರ ಹೋಗಿ, ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಎಷ್ಟೋ ಜನ ಡಾಕ್ಟರು ಕೇಳಿದರೂ ಕ್ರೀಮ್ ವಿಷಯ ಹೇಳುವುದೇ ಇಲ್ಲ, ನಾಚಿಕೆ. ಮಾತ್ರೆ ಏನಾದರೂ ತಿಂತೀರಾ ಅಂದರೆ ಇಲ್ಲ ಅಂತಾರೆ. ಕ್ರೀಮ್ ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲವಲ್ಲ.

ಸಮಾಧಾನದ ವಿಷಯ ಅಂದರೆ, ಕೋಟಕ್ಕಲ್‌ನ ಡಾಕ್ಟರುಗಳು ಬರೆದ ಹಾಗೆ ಹೆಚ್ಚಿನವರಿಗೆ ಕ್ರೀಮ್ ಬಿಟ್ಟ ಮೇಲೆ ಕಡಿಮೆಯಾಯಿತು. ಆದರೆ ಒಬ್ಬರಿಗೆ ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿತ್ತು. ಆದ್ದರಿಂದ ತಡ ಮಾಡಬೇಡಿ.

ಮಂಗಳೂರು_ಬಂಗುಡೆ
ನನ್ನ ಚಿಕ್ಕಮ್ಮನ ಮಗಳಿಗೆ ರಕ್ತದಲ್ಲಿ ಪಾದರಸ ಟೆಸ್ಟ್ ಮಾಡಿಸಿದ್ದರು, ಸ್ವಲ್ಪ ಜಾಸ್ತಿ ಬಂತು. ಮನೆಯಲ್ಲಿ ಒಂದೇ ಗಲಾಟೆ. ಕೊನೆಗೆ ಡಾಕ್ಟರು ಕೇಳಿದ್ದು, ಮೀನು ತಿಂತೀರಾ ಅಂತ. ದಿನಾ ಎರಡು ಹೊತ್ತು ಅಂದೆವು. ನಗಾಡಿದರು.

ಸ್ಟಾಫ್_ನರ್ಸ್_ಉಡುಪಿ
ಹೌದು, ನಮ್ಮ ಕರಾವಳಿಯವರಿಗೆ ಇದು ಮುಖ್ಯ. ಮೀನಿನಲ್ಲಿ ಬರುವುದು ಮೀಥೈಲ್ ಮರ್ಕ್ಯುರಿ, ಅದು ರಕ್ತದಲ್ಲಿ ಕಾಣುತ್ತದೆ. ಕ್ರೀಮ್‌ನ ಲವಣ ಹೋಗಿ ಕೂರುವುದು ಕಿಡ್ನಿಯಲ್ಲಿ, ಅದನ್ನು ಮೂತ್ರದಲ್ಲಿ ನೋಡಬೇಕು. ಡಾಕ್ಟರು ಮೂತ್ರದಲ್ಲಿ ಪಾದರಸ ನೋಡಿ ಅಂತ ಬರೆದುಕೊಟ್ಟರೆ ಕ್ರಿಯಾಟಿನಿನ್ (ಮೂತ್ರ ಎಷ್ಟು ತೆಳುವಾಗಿದೆ ಅಂತ ತಿಳಿಸುವ ಅಳತೆ) ಜೊತೆಗೇ ನೋಡಿಸಿ. ಇಲ್ಲದಿದ್ದರೆ ನೀರು ಜಾಸ್ತಿ ಕುಡಿದಿದ್ದಕ್ಕೇ ಸಂಖ್ಯೆ ಕಡಿಮೆ ಬಂದೀತು.

ಜಯನಗರ_ಜಾಣ
ಇಷ್ಟೆಲ್ಲ ತಲೆಬಿಸಿ ಯಾಕೆ? ಪಾಕಿಸ್ತಾನದ ಕ್ರೀಮ್ ಬಿಟ್ಟು ಒಳ್ಳೆ ದೊಡ್ಡ ಕಂಪನಿಯದ್ದು ಕೊಡಿಸಿ, ಮುಗಿಯಿತು.

ಕಪ್ಪೆಣ್ಣು_ಕೆಂಪುಚೂಡಿ
ಮುಗಿಯುವುದಿಲ್ಲ. ದೊಡ್ಡ ಕಂಪನಿಗಳೇನು ಸಾಚಾನಾ? ದಿಲ್ಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ 2014ರಲ್ಲಿ 32 ಫೇರ್‌ನೆಸ್ ಕ್ರೀಮ್ ಟೆಸ್ಟ್ ಮಾಡಿತ್ತು. 14ರಲ್ಲಿ ಪಾದರಸ ಸಿಕ್ಕಿತ್ತು. ಎಲ್ಲ ಕಳ್ಳರೇ.

ಆಸಿಡ್_ಬಾಟ್ಲಿ
ಆ ವರದಿ ಸರಿ. ಆದರೆ ಸಂಖ್ಯೆಯನ್ನೂ ಹೇಳಬೇಕಲ್ವಾ? ಅಲ್ಲಿ ಸಿಕ್ಕಿದ್ದು 0.10ರಿಂದ 1.97 ಪಿಪಿಎಂ. ಈಗ ನಾವು ಮಾತಾಡುತ್ತಿರುವುದು ಹತ್ತು ಸಾವಿರ ಪಿಪಿಎಂ ಬಗ್ಗೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಿದರೆ ಜನ 'ಎಲ್ಲದರಲ್ಲೂ ಇದೆ ಬಿಡು' ಅಂತ ಅದೇ ಡಬ್ಬಿಯನ್ನು ಹಚ್ಚುತ್ತಾರೆ.

ಕಪ್ಪೆಣ್ಣು_ಕೆಂಪುಚೂಡಿ
ಒಪ್ಪಿದೆ, ಆದರೆ ಪೂರ್ತಿ ಒಪ್ಪಿಲ್ಲ. ಪಾದರಸ ಹಾಕದವರು ಕೂಡ ನಲವತ್ತು ವರ್ಷ ಟೀವಿಯಲ್ಲಿ ಕಪ್ಪು ಹುಡುಗಿಗೆ ಕೆಲಸ ಇಲ್ಲ, ಗಂಡ ಇಲ್ಲ ಅಂತ ತೋರಿಸಿದರು. ಆ ಹಸಿವು ಹುಟ್ಟಿಸಿದ್ದು ಅವರು, ಈಗ ಲೇಬಲ್ ಇಲ್ಲದ ಡಬ್ಬಿ ಮಾರುವವನು ಊಟ ಮಾಡುತ್ತಿದ್ದಾನೆ. 2020ರಲ್ಲಿ 'ಫೇರ್' ತೆಗೆದು 'ಗ್ಲೋ' ಅಂತ ಹಾಕಿಕೊಂಡರು. ನಮ್ಮ ಮ್ಯಾಟ್ರಿಮೊನಿ ಬಯೋಡೇಟಾದಲ್ಲಿ ಮಾತ್ರ 'ಗೋಧಿ ಬಣ್ಣ' ಹಾಗೇ ಇದೆ.

ಜಯನಗರ_ಜಾಣ
ಗೋಧಿ ಬಣ್ಣದಲ್ಲಿ ಏನು ತಪ್ಪು? ನಾನು ರಾಗಿ ಬಣ್ಣ, ನನಗೂ ಹೆಣ್ಣು ಸಿಕ್ಕಿದೆ 😄

ಹುಬ್ಬಳ್ಳಿ_ಹೈದ
ನೀವು ಗಂಡಸ್ರು, ನಿಮಗ ಸಿಗ್ತದ. ಅದ ಮಾತು ಅವ್ರು ಹೇಳಾಕತ್ತಿದ್ದು.

ಶಾರ್ಜಾ_ಶೆಟ್ರು
ಗಲ್ಫ್ ಕಡೆಯಿಂದ ಒಂದು ಮಾತು. ಊರಿಗೆ ಹೊರಟಾಗ ಸೂಟ್‌ಕೇಸ್ ಪಟ್ಟಿಯಲ್ಲಿ ಟ್ಯಾಂಗ್, ಪಿಸ್ತಾ, ಸೆಂಟು ಜೊತೆಗೆ 'ಆ ಕ್ರೀಮ್ ನಾಲ್ಕು' ಅಂತ ಇದ್ದೇ ಇರುತ್ತದೆ. ಗಲ್ಫ್ ಸಾಮಾನು ಅಂದರೆ ಒಳ್ಳೆಯದು ಅಂತ ನಮ್ಮವರ ತಲೆಯಲ್ಲಿ ಕೂತುಬಿಟ್ಟಿದೆ. ಇವು ಇಲ್ಲಿ ತಯಾರಾಗುವುದೇ ಅಪರೂಪ. ಪಾಕಿಸ್ತಾನದ್ದು, ಥಾಯ್ಲೆಂಡಿನದ್ದು, ಚೀನಾದ್ದು. ಪಾಕಿಸ್ತಾನದ ಸರ್ಕಾರವೇ 59 ಬ್ರಾಂಡ್ ಟೆಸ್ಟ್ ಮಾಡಿಸಿದಾಗ 56ರಲ್ಲಿ ಪಾದರಸ ಮಿತಿ ಮೀರಿತ್ತು. ಅವರೇ ಹೇಳಿದ್ದು ಇದು. ನಾನಂತೂ ಕಳೆದ ಸಲ ತರುವುದಿಲ್ಲ ಅಂದೆ. ಅತ್ತಿಗೆಗೆ ಇನ್ನೂ ಕೋಪ ಇಳಿದಿಲ್ಲ, ಫೋನ್ ಅಣ್ಣನ ಕೈಗೆ ಕೊಟ್ಟುಬಿಡುತ್ತಾರೆ.

ಫ್ಯಾನ್ಸಿ_ಸ್ಟೋರ್_ಓನರ್
ಬೈಯಬೇಡಿ, ನಾನೂ ಇಂಥ ಅಂಗಡಿ ಇಟ್ಟವನೇ. ದಾವಣಗೆರೆ ಕಡೆ. ಇಂಥ ಕ್ರೀಮ್ ಹೇಗೆ ಬರುತ್ತದೆ ಹೇಳುತ್ತೇನೆ. ಒಬ್ಬ ಬೈಕಿನಲ್ಲಿ ಬ್ಯಾಗ್ ಹಾಕಿಕೊಂಡು ಬರುತ್ತಾನೆ. ಬಳೆ, ಕ್ಲಿಪ್ಪು, ನೇಲ್ ಪಾಲಿಶ್ ಜೊತೆ ಇದೂ ಇರುತ್ತದೆ. ಬಿಲ್ ಕೇಳಿದರೆ ಚೀಟಿ ಬರೆದುಕೊಡುತ್ತಾನೆ. ಕಂಪನಿ ಕ್ರೀಮ್‌ಗಿಂತ ಲಾಭ ಜಾಸ್ತಿ. ಗಿರಾಕಿ ಹೆಸರು ಹಿಡಿದೇ ಕೇಳುತ್ತಾರೆ, ಇಲ್ಲ ಅಂದರೆ ಮುಂದಿನ ಅಂಗಡಿಗೆ ಹೋಗುತ್ತಾರೆ. ಬ್ಯೂಟಿ ಪಾರ್ಲರಿನವರು ಡಜನ್ ಗಟ್ಟಲೆ ಒಯ್ಯುತ್ತಾರೆ. ಹೆಸರಿಲ್ಲದ ಖಾಲಿ ಡಬ್ಬಿಗೆ ತುಂಬಿ 'ನಮ್ಮದೇ ಫಾರ್ಮುಲಾ' ಅಂತ ಮಾರುವವರೂ ಇದ್ದಾರೆ.

ನನ್ನ ಕೇಳಿದರೆ ಅಂಗಡಿಯವನಿಗೆ ಗೊತ್ತಾಗುವ ದಾರಿಯೇ ಇಲ್ಲ. ಔಷಧಿ ಅಂಗಡಿಗೆ ಲೈಸೆನ್ಸ್ ಬೇಕು, ನಮಗೆ ಕಾಸ್ಮೆಟಿಕ್ ಮಾರಲು ಬೇಡ. ಯಾರೂ ಬಂದು ಹೇಳುವುದಿಲ್ಲ, ಯಾರೂ ಬಂದು ನೋಡುವುದಿಲ್ಲ.

ನಿವೃತ್ತ_ಇನ್‌ಸ್ಪೆಕ್ಟರ್
ಗೊತ್ತಾಗುವ ದಾರಿ ಇಲ್ಲ ಅನ್ನುವುದನ್ನು ಒಪ್ಪುವುದಿಲ್ಲ ಸ್ವಾಮಿ. ಓದಲು ಬಂದರೆ ಸಾಕು. ಭಾರತದಲ್ಲಿ ತಯಾರಾದದ್ದಕ್ಕೆ ತಯಾರಕರ ಹೆಸರು, ವಿಳಾಸ, ಬ್ಯಾಚ್ ನಂಬರು, ಯಾವಾಗಿನ ಒಳಗೆ ಬಳಸಬೇಕು ಅನ್ನುವ ತಾರೀಕು, ತಯಾರಿಕೆಯ ಲೈಸೆನ್ಸ್ ನಂಬರು ಇರಬೇಕು. ಹೊರಗಿಂದ ಬಂದದ್ದಕ್ಕೆ ನೋಂದಣಿ ಪ್ರಮಾಣಪತ್ರದ ನಂಬರು, ಆಮದು ಮಾಡಿಕೊಂಡವರ ಹೆಸರು ಮತ್ತು ವಿಳಾಸ ಇರಬೇಕು. ಇವು ಇಲ್ಲದ ಡಬ್ಬಿಯನ್ನು ಮಾರುವುದೇ ತಪ್ಪು, ಒಳಗೆ ಪಾದರಸ ಇರಲಿ ಬಿಡಲಿ. ಮಾರಲು ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಕಾನೂನು ನಿಮಗಿಲ್ಲ ಅಂತಲ್ಲ.

ಒಂದು ಮಾತು ಮಾತ್ರ ನೀವು ಹೇಳಿದ್ದು ಸರಿ. ಲೈಸೆನ್ಸ್ ಇಲ್ಲದ್ದರಿಂದ ಇಂಥ ಅಂಗಡಿಗಳ ಪಟ್ಟಿಯೇ ಇಲಾಖೆಯಲ್ಲಿ ಇರುವುದಿಲ್ಲ. ನಮ್ಮ ಕಾಲದಲ್ಲಿ ತಿಂಗಳ ಕೋಟಾ ಮೆಡಿಕಲ್ ಅಂಗಡಿಗಳಲ್ಲೇ ಮುಗಿಯುತ್ತಿತ್ತು.

ಈಗ ವಿಟ್ಲದ ತಾಯಿಗೆ. ಔಷಧ ಮತ್ತು ಕಾಂತಿವರ್ಧಕ ಕಾಯ್ದೆ 1940, ಸೆಕ್ಷನ್ 26. ಯಾವ ಖರೀದಿದಾರರೂ ತಾವು ಕೊಂಡ ಕಾಸ್ಮೆಟಿಕ್ಕನ್ನು ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿಕೊಳ್ಳಬಹುದು. ಸಹಿ ಹಾಕಿದ ವರದಿ ಕೊಡಬೇಕು. ಈ ಸೆಕ್ಷನ್ ಇರುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ಗ್ರಾಹಕ ಸಂಘದವರೂ ಇದನ್ನು ಬಳಸಬಹುದು. ನಮ್ಮ ರಾಜ್ಯದ ಔಷಧ ಪರೀಕ್ಷಾ ಪ್ರಯೋಗಾಲಯಗಳು ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿಯಲ್ಲಿವೆ. ಮೊದಲು ಮಂಗಳೂರಿನ ಔಷಧ ನಿಯಂತ್ರಣ ಕಚೇರಿಗೆ ಹೋಗಿ ಕೇಳಿ, ಹೇಗೆ ಕಳಿಸಬೇಕು ಅಂತ ಅವರು ಹೇಳುತ್ತಾರೆ. ಖರೀದಿಯ ಬಿಲ್ ಇದ್ದರೆ ಜೊತೆಗಿರಲಿ.

ವಿಟ್ಲದಕ್ಕ
ಬಿಲ್ ಎಲ್ಲಿಂದ ಬರಬೇಕು ಸಾರ್. ಆ ಅಂಗಡಿಯವನ ಮೇಲೆ ಕೇಸು ಹಾಕಿಸಬಹುದಾ ಆ ರಿಪೋರ್ಟ್ ಇಟ್ಟುಕೊಂಡು?

ನಿವೃತ್ತ_ಇನ್‌ಸ್ಪೆಕ್ಟರ್
ನೀವು ತೆರೆದು ಬಳಸಿದ ಡಬ್ಬಿ ಕೋರ್ಟಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನೀವೇ ಬೆರೆಸಿದ್ದೀರಿ ಅಂತಾರೆ ವಕೀಲರು. ಇನ್‌ಸ್ಪೆಕ್ಟರ್ ತಾನೇ ಅಂಗಡಿಗೆ ಹೋಗಿ, ಹಣ ಕೊಟ್ಟು ಅಥವಾ ರಸೀದಿ ಕೊಟ್ಟು ತೆಗೆದುಕೊಂಡ ಸ್ಯಾಂಪಲ್ ಬೇಕು. ಅದನ್ನು ನಾಲ್ಕು ಭಾಗ ಮಾಡಿ ಸೀಲ್ ಹಾಕುತ್ತೇವೆ. ಒಂದು ಅಂಗಡಿಯವನಿಗೇ ಕೊಡಬೇಕು. ಇನ್ನೊಂದು ವಿಶ್ಲೇಷಕರಿಗೆ, ಮತ್ತೊಂದು ಕೋರ್ಟಿಗೆ. ಅಂಗಡಿಯವನು ಯಾರಿಂದ ಕೊಂಡೆ ಅಂತ ಹೆಸರು ಹೇಳಿದರೆ ಒಂದು ಅವನಿಗೆ. ಸಣ್ಣ ಡಬ್ಬಿಯಾದರೆ ಒಡೆಯದೆ ಅದೇ ಬ್ಯಾಚಿನ ಬೇರೆ ಬೇರೆ ಡಬ್ಬಿ ತೆಗೆದುಕೊಳ್ಳುತ್ತೇವೆ.

ನಿಮ್ಮ ರಿಪೋರ್ಟು ಇನ್‌ಸ್ಪೆಕ್ಟರನ್ನು ಆ ಅಂಗಡಿಗೆ ಕಳಿಸಲು ಸಾಕು, ಅದು ಸಣ್ಣ ಕೆಲಸ ಅಲ್ಲ. ಆದರೆ ಅಂಗಡಿ ಕಾಸರಗೋಡಿನದ್ದಾದರೆ ದೂರು ಕೇರಳದ ಇಲಾಖೆಗೆ ಹೋಗಬೇಕು. ಗಡಿ ದಾಟಿ ನಮ್ಮವರು ಹೋಗುವ ಹಾಗಿಲ್ಲ.

ಗಡಿನಾಡಿನವ
ದೂರು ಮಲಯಾಳದಲ್ಲಿ ಬರೆಯಬೇಕಾದರೆ ನಾನಿದ್ದೇನೆ. ಕನ್ನಡದಲ್ಲಿ ಕೊಟ್ಟರೂ ಕಾಸರಗೋಡಿನಲ್ಲಿ ತಗೊಳ್ಳಬೇಕು ಅನ್ನುವುದು ಬೇರೆ ಜಗಳ, ಅದಕ್ಕೆ ಇನ್ನೊಂದು ಚರ್ಚೆ ಶುರು ಮಾಡುತ್ತೇನೆ.

ಅಜ್ಜಿ_ಮದ್ದು
ಈ ಕೆಮಿಕಲ್ ಸಹವಾಸವೇ ಬೇಡ. ಕಡಲೆಹಿಟ್ಟು, ಅರಿಶಿನ, ಕೆನೆ. ಇಲ್ಲವೇ ಒಳ್ಳೆ ನಾಟಿ ವೈದ್ಯರ ಲೇಪ. ನಮ್ಮದು ಎಲ್ಲ ನೈಸರ್ಗಿಕ, ಸೈಡ್ ಎಫೆಕ್ಟ್ ಇಲ್ಲ.

ಆಸಿಡ್_ಬಾಟ್ಲಿ
ಕಡಲೆಹಿಟ್ಟಿಗೆ ನನ್ನ ತಕರಾರಿಲ್ಲ. ಲೇಪದ ಬಗ್ಗೆ ಇದೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ಡಾಕ್ಟರುಗಳು ಇದೇ ನೆಲ್-1 ಕಿಡ್ನಿ ಕಾಯಿಲೆಗೂ ನಾಟಿ ಔಷಧಿಗಳಿಗೂ ನಂಟಿದೆ ಅಂತ 2022ರಲ್ಲಿ ಬರೆದಿದ್ದಾರೆ. ಕೆಲವು ಔಷಧಿಗಳಲ್ಲಿ ಪಾದರಸ ಸಿಕ್ಕಿತ್ತು. ಪಾದರಸವೂ ನೈಸರ್ಗಿಕವೇ, ಗಣಿಯಿಂದಲೇ ಬರುತ್ತದೆ.

ಅಜ್ಜಿ_ಮದ್ದು
ಶುದ್ಧಿ ಮಾಡಿದ ಪಾದರಸ ಬೇರೆ, ನೀವು ಲ್ಯಾಬಿನವರಿಗೆ ಅದು ತಿಳಿಯುವುದಿಲ್ಲ.

ಆಸಿಡ್_ಬಾಟ್ಲಿ
ಯಂತ್ರಕ್ಕೂ ತಿಳಿಯುವುದಿಲ್ಲ ಅಜ್ಜಿ, ಎರಡನ್ನೂ ಪಾದರಸ ಅಂತಲೇ ತೋರಿಸುತ್ತದೆ.

ಚರ್ಮದ_ಡಾಕ್ಟ್ರು
ತಡವಾಗಿ ಬಂದೆ. ಇಷ್ಟು ಹೊತ್ತು ಎಲ್ಲರೂ ಪಾದರಸ ಪಾದರಸ ಅನ್ನುತ್ತಿದ್ದೀರಿ. ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಕಾಣುವುದು ಸ್ಟೀರಾಯ್ಡ್. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್. ಸ್ವಲ್ಪ ದಿನದಲ್ಲೇ ಮುಖ ಬಿಳಿಚಿಕೊಂಡು ನುಣುಪಾಗುತ್ತದೆ, ಎಲ್ಲರೂ ಹೊಗಳುತ್ತಾರೆ. ತಿಂಗಳುಗಟ್ಟಲೆ ಹಚ್ಚಿದ ಮೇಲೆ ಚರ್ಮ ತೆಳ್ಳಗಾಗಿ ಕೆಂಪು ನರಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಗಲ್ಲದ ಮೇಲೆ ಕೂದಲು ಬರುತ್ತದೆ. ಬಿಟ್ಟರೆ ಮುಖ ಉರಿದು ಕೆಂಪಾಗುತ್ತದೆ, ಮತ್ತೆ ಹಚ್ಚಿದರೆ ತಣ್ಣಗಾಗುತ್ತದೆ. ಹಾಗೆ ಅದರಿಂದ ಹೊರಗೆ ಬರುವುದೇ ಕಷ್ಟ. ನಮ್ಮ ಚರ್ಮರೋಗ ತಜ್ಞರ ಸಂಘ ವರ್ಷಗಟ್ಟಲೆ ಕೂಗಾಡಿದ ಮೇಲೆ 2018ರ ಮಾರ್ಚ್‌ನಲ್ಲಿ 14 ಸ್ಟೀರಾಯ್ಡ್ ಕ್ರೀಮ್‌ಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಶೆಡ್ಯೂಲ್ ಎಚ್‌ಗೆ ಸೇರಿಸಿದರು. ಇವತ್ತೂ ಮೆಡಿಕಲ್ ಅಂಗಡಿಯಲ್ಲಿ ಹೆಸರು ಹೇಳಿದರೆ ಕೊಡುತ್ತಾರೆ.

ಮೂರನೆಯದು ಹೈಡ್ರೋಕ್ವಿನೋನ್. ಇದು ಔಷಧಿ, ನಾವೂ ಬಂಗಿಗೆ, ಅಂದರೆ ಮುಖದ ಕಪ್ಪು ಕಲೆಗೆ ಬರೆದುಕೊಡುತ್ತೇವೆ, ಆದರೆ ಸ್ವಲ್ಪ ಕಾಲಕ್ಕೆ, ಕಣ್ಣಿಟ್ಟು. ವರ್ಷಗಟ್ಟಲೆ ಹಚ್ಚಿದವರ ಕೆನ್ನೆ ನೀಲಿಗಪ್ಪಾಗುವುದುಂಟು, ಅದನ್ನು ಹೋಗಿಸುವುದು ಬಹಳ ಕಷ್ಟ. ಯುರೋಪಿನಲ್ಲಿ 2001ರಿಂದ ಬಿಳುಪಿನ ಕ್ರೀಮ್‌ನಲ್ಲಿ ಇದನ್ನು ಹಾಕುವ ಹಾಗಿಲ್ಲ.

ವಿಟ್ಲದಕ್ಕ
ಅಯ್ಯೋ. ಹಾಗಾದರೆ ಪಾದರಸ ಇಲ್ಲ ಅಂತ ರಿಪೋರ್ಟ್ ಬಂದರೂ?

ಆಸಿಡ್_ಬಾಟ್ಲಿ
ಅದನ್ನೇ ಹೇಳಬೇಕು ಅಂತಿದ್ದೆ, ಡಾಕ್ಟ್ರು ಮೊದಲೇ ಹೇಳಿದರು. ಲ್ಯಾಬ್ ನೀವು ಕೇಳಿದ್ದನ್ನು ಮಾತ್ರ ಹುಡುಕುತ್ತದೆ. 'ಈ ಕ್ರೀಮ್ ಒಳ್ಳೆಯದಾ ನೋಡಿ' ಅಂತ ಯಾವ ಟೆಸ್ಟೂ ಇಲ್ಲ. ಲೋಹ ನೋಡುವ ಯಂತ್ರಕ್ಕೆ ಸ್ಟೀರಾಯ್ಡ್ ಕಾಣುವುದೇ ಇಲ್ಲ. ಅದಕ್ಕೆ ಬೆರೆತದ್ದನ್ನು ಬೇರ್ಪಡಿಸಿ ನೋಡುವ ಯಂತ್ರ ಬೇಕು, ಎಚ್‌ಪಿಎಲ್‌ಸಿ, ಇನ್ನೂ ಸೂಕ್ಷ್ಮ ಬೇಕಾದರೆ ಎಲ್‌ಸಿ-ಎಂಎಸ್. ಅಲ್ಲೂ ಯಾವ ಯಾವ ಸ್ಟೀರಾಯ್ಡ್ ಅಂತ ಪಟ್ಟಿ ಇಟ್ಟುಕೊಂಡೇ ಹುಡುಕುತ್ತಾರೆ. ಪಟ್ಟಿಯಲ್ಲಿ ಇಲ್ಲದ್ದನ್ನು ಹಾಕಿದ್ದರೆ 'ಪತ್ತೆಯಾಗಿಲ್ಲ' ಅಂತಲೇ ಬರುತ್ತದೆ. ಹಾಗಾಗಿ ಕೇಳುವಾಗ ಮೂರನ್ನೂ ಬರೆದು ಕೇಳಿ: ಒಟ್ಟು ಪಾದರಸ, ಹೈಡ್ರೋಕ್ವಿನೋನ್, ಸ್ಟೀರಾಯ್ಡ್. ಖರ್ಚು ಮೂರಕ್ಕೂ ಬೇರೆ ಬೇರೆ. ದುಡ್ಡು ಒಂದಕ್ಕೇ ಇದ್ದರೆ, ಕಣ್ಣು ಊದಿದೆ ಅಂದದ್ದರಿಂದ ನಾನಾದರೆ ಪಾದರಸದಿಂದ ಶುರು ಮಾಡುತ್ತೇನೆ.

ಖಾಸಗಿ ಲ್ಯಾಬ್ ಆದರೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆ ಅಂತ ಬೋರ್ಡ್ ನೋಡಿ ಸುಮ್ಮನಾಗಬೇಡಿ. ಕೆಲವರಿಗೆ ನೀರು ಪರೀಕ್ಷೆಗೆ ಮಾತ್ರ ಮಾನ್ಯತೆ ಇರುತ್ತದೆ. ಕಾಸ್ಮೆಟಿಕ್ಕಿನಲ್ಲಿ ಪಾದರಸಕ್ಕೆ ಇದೆಯಾ ಅಂತ ಕೇಳಿ. ಮೂಲ ಡಬ್ಬಿಯಲ್ಲೇ ಕಳಿಸಿ, ಬೇರೆ ಪ್ಲಾಸ್ಟಿಕ್ ಡಬ್ಬಿಗೆ ಬಗ್ಗಿಸಬೇಡಿ. ಆಗುವುದಾದರೆ ಅದೇ ಬ್ಯಾಚಿನ ಸೀಲ್ ಒಡೆಯದ ಇನ್ನೊಂದು ಕೊಂಡು ಕಳಿಸಿ, ಹಳೆಯದನ್ನು ಡಾಕ್ಟರಿಗೆ ಇಟ್ಟುಕೊಳ್ಳಿ. ರಿಪೋರ್ಟಿನ ಕೆಳಗೆ 'ಬಂದ ಸ್ಯಾಂಪಲ್ಲಿಗೆ ಮಾತ್ರ ಅನ್ವಯ' ಅಂತ ಇರುತ್ತದೆ. ಅದು ನಮ್ಮ ಜಾರಿಕೊಳ್ಳುವ ಮಾತಲ್ಲ. ಇಂಥ ಕ್ರೀಮ್ ಕಲೆಸುವವರಿಗೆ ಅಳತೆ ಇರುವುದಿಲ್ಲ, ಒಂದು ಬ್ಯಾಚಿನ ಹಾಗೆ ಇನ್ನೊಂದು ಇರುವುದಿಲ್ಲ.

ರೀಲ್ಸ್_ರಂಗ
ಡಬ್ಬಿ ಮೇಲೆ ಏನಾದರೂ ಸುಳಿವು ಇರುತ್ತದಾ? ಮರ್ಕ್ಯುರಿ ಅಂತ ಬರೆದಿರುವುದಿಲ್ಲ ಅನ್ನಿ.

ಚರ್ಮದ_ಡಾಕ್ಟ್ರು
ಕೆಲವರು ಬರೆದಿರುತ್ತಾರೆ! ಕ್ಯಾಲೋಮೆಲ್, ಮರ್ಕ್ಯುರಿಯೋ ಅಂತ ಬೇರೆ ಹೆಸರಲ್ಲಿ. ಇನ್ನೊಂದು ಸುಳಿವು 'ಚಿನ್ನ, ಬೆಳ್ಳಿ, ಅಲ್ಯೂಮಿನಿಯಂ, ಒಡವೆಗೆ ತಾಗಿಸಬೇಡಿ' ಅನ್ನುವ ಎಚ್ಚರಿಕೆ. ಮುಖಕ್ಕೆ ಹಚ್ಚುವ ಕ್ರೀಮ್ ಬಳೆಗೆ ತಾಗಬಾರದು ಅಂದರೆ ಯೋಚಿಸಿ.

ಗಡಿನಾಡಿನವ
ಪಾದರಸ ಹಾಕುವುದಕ್ಕೆ ಜಗತ್ತಿನಲ್ಲೇ ನಿಷೇಧ ಇದೆಯಲ್ಲ? ಮಿನಮಾಟಾ ಒಪ್ಪಂದ ಅಂತ. ನಾವೂ 2018ರಲ್ಲಿ ಒಪ್ಪಿದ್ದೇವೆ. ಮೊದಲು 1 ಪಿಪಿಎಂ ಮೀರಿದ್ದನ್ನು 2020ರೊಳಗೆ ನಿಲ್ಲಿಸಬೇಕು ಅಂತ ಇತ್ತು. 2023ರ ಸಭೆಯಲ್ಲಿ ಆ 1 ಪಿಪಿಎಂ ರಿಯಾಯಿತಿಯನ್ನೂ ತೆಗೆದು, ಪಾದರಸ ಬೆರೆಸಿದ ಕಾಸ್ಮೆಟಿಕ್ 2025ರ ನಂತರ ಇರಲೇಬಾರದು ಅಂದರು.

ಫ್ಯಾನ್ಸಿ_ಸ್ಟೋರ್_ಓನರ್
ಬೈಕಿನವನಿಗೆ ಹೇಳುತ್ತೇನೆ ಮಿನಮಾಟಾ ಅಂತ. ಅದು ಯಾವ ಬ್ರಾಂಡು ಅಂತ ಕೇಳುತ್ತಾನೆ.

ಸ್ಟಾಫ್_ನರ್ಸ್_ಉಡುಪಿ
ಇನ್ನೊಂದು ಬಿಟ್ಟುಹೋಯಿತು. ಮನೆಯಲ್ಲಿ ಮಕ್ಕಳಿದ್ದಾರಾ ಅಕ್ಕ? ಪಾದರಸ ಹಚ್ಚಿದವರಲ್ಲೇ ಉಳಿಯುವುದಿಲ್ಲ. ಟವೆಲ್ಲು, ದಿಂಬು, ಅಪ್ಪಿಕೊಂಡಾಗ ಮಗುವಿನ ಕೈಗೆ, ಆವಿಯಾಗಿ ಕೋಣೆಗೆ. ಕ್ಯಾಲಿಫೋರ್ನಿಯಾದಲ್ಲಿ ಕ್ರೀಮ್ ಮುಟ್ಟದ ಮನೆಯವರ ಮೂತ್ರದಲ್ಲೂ ಸಿಕ್ಕಿತ್ತು. ಮಹಾರಾಷ್ಟ್ರದ ಅಕೋಲಾದಲ್ಲಿ ಪಾರ್ಲರಿನವರು ಕೊಟ್ಟ ಕ್ರೀಮ್ ಹಂಚಿಕೊಂಡು ಹಚ್ಚಿದ ಒಂದೇ ಮನೆಯ ಮೂವರಿಗೆ, ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳಿಗೆ, ಕಿಡ್ನಿ ತೊಂದರೆಯಾಗಿತ್ತು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಕ್ರೀಮ್ ಪರೀಕ್ಷಿಸಿದಾಗ ಪಾದರಸ ಹೊರಬಂತು.

ವಿಟ್ಲದಕ್ಕ
ನನ್ನ ಮಗ ಅವಳ ಜೊತೆಯೇ ಮಲಗುವುದು. ಇವತ್ತಿನಿಂದ ಇಲ್ಲ.

ಎಲ್ಲರಿಗೂ ಉಪಕಾರ. ಈ ಚರ್ಚೆಯನ್ನೇ ಅವಳಿಗೆ ಓದಲು ಕೊಟ್ಟೆ. ಪಾದರಸದ್ದು ಓದಿ ಏನೂ ಅನ್ನಿಸಲಿಲ್ಲ ಅವಳಿಗೆ. ಗಲ್ಲದ ಮೇಲೆ ಕೂದಲು ಬರುತ್ತದೆ ಅನ್ನುವಲ್ಲಿ ನಿಲ್ಲಿಸಿ ಕನ್ನಡಿ ನೋಡಲು ಹೋದಳು. ನಾಳೆ ಮೂತ್ರ ಪರೀಕ್ಷೆಗೆ ಬರುತ್ತೇನೆ ಅಂದಿದ್ದಾಳೆ. ಡಬ್ಬಿಯನ್ನು ಜಿಪ್ ಇರುವ ಕವರಿಗೆ ಹಾಕಿ ಮಕ್ಕಳ ಕೈಗೆ ಸಿಗದ ಹಾಗೆ ಹೊರಗೆ ಶೆಡ್ಡಿನಲ್ಲಿ ಇಟ್ಟಿದ್ದೇನೆ. ಸೋಮವಾರ ಮಂಗಳೂರು ಕಚೇರಿಗೆ ಹೋಗುತ್ತೇನೆ.

ಚರ್ಮದ_ಡಾಕ್ಟ್ರು
ಒಳ್ಳೆಯದಾಯಿತು. ಒಂದು ಎಚ್ಚರಿಕೆ: ಸ್ಟೀರಾಯ್ಡ್ ಇದ್ದರೆ ಬಿಟ್ಟ ಮೇಲೆ ಮುಖ ಕೆಂಪಾಗಿ ಉರಿಯಬಹುದು. ಆಗ ಹೆದರಿ ಮತ್ತೆ ಅದನ್ನೇ ಹಚ್ಚಬಾರದು. ಚರ್ಮದ ಡಾಕ್ಟರ ಹತ್ತಿರ ಕರಕೊಂಡು ಹೋಗಿ, ನಿಧಾನವಾಗಿ ಬಿಡಿಸುತ್ತಾರೆ.

ಮಂಗಳೂರು_ಬಂಗುಡೆ
ಈಗ ನನಗೂ ಒಂದು ಸಂಶಯ. ಇಂಥದ್ದೇ ಹೆಸರಿನ ಸೋಪು ಕೂಡ ಬರುತ್ತದಲ್ಲ, ನಮ್ಮ ಮನೆಯಲ್ಲಿ ಇದೆ. ಸೋಪು ತೊಳೆದು ಹೋಗುತ್ತದೆ, ಅದಕ್ಕೆ ತೊಂದರೆ ಇಲ್ಲ ಅಲ್ವಾ?

ಆಸಿಡ್_ಬಾಟ್ಲಿ
ಇದೆ. ಮರ್ಕ್ಯುರಿಕ್ ಅಯೋಡೈಡ್ ಹಾಕಿದ ಬಿಳುಪಿನ ಸೋಪುಗಳು ಎಷ್ಟೋ ದೇಶಗಳಲ್ಲಿ ಸಿಕ್ಕಿಬಿದ್ದಿವೆ, 'ಆಂಟಿಸೆಪ್ಟಿಕ್' ಅಂತ ಬರೆದುಕೊಂಡು. ತೊಳೆದದ್ದು ಚರಂಡಿಗೆ ಹೋಗುತ್ತದೆ, ಅಲ್ಲಿಂದ ಹೊಳೆಗೆ, ಹೊಳೆಯಿಂದ ನಿಮ್ಮ ಬಂಗುಡೆಗೆ. ಹೊದಿಕೆಯ ಎರಡೂ ಬದಿಯ ಫೋಟೋ ಹಾಕಿ, ಲೈಸೆನ್ಸ್ ನಂಬರ್ ಇದೆಯಾ ನೋಡೋಣ.